ಸೊನ್ನೆ ಸರಿ ಇತ್ತು, ಶಾಫ್ಟ್ ಮಾತ್ರ ದಪ್ಪ ಬರ್ತಿತ್ತು

ಏಪ್ರಿಲ್ ಎರಡನೇ ವಾರ. ಬಳ್ಳಾರಿಯಲ್ಲಿ ಬೆಳಗ್ಗೆ ಹತ್ತಕ್ಕೇ ಶೆಡ್ಡಿನ ತಗಡು ಕಾದು ಟಿಕ್ ಟಿಕ್ ಅನ್ನೋಕೆ ಶುರುವಾಗುತ್ತೆ. ಅವತ್ತು ಜೀನ್ಸ್ ವಾಷಿಂಗ್ ಯೂನಿಟ್ಟಿನ ಅಕ್ಕ ಆಟೋದಲ್ಲಿ ಮೋಟಾರ್ ಹಾಕ್ಕೊಂಡು ಬಂದರು. 1 ಎಚ್‌ಪಿ ಮೋಟಾರ್, ಡ್ರೈಯರಿನ ಬ್ಲೋವರ್‌ಗೆ ಹಾಕಿದ್ದು. ಒಂದೂವರೆ ತಿಂಗಳಲ್ಲಿ ಅದು ನನ್ನ ಲೇತ್ ಅಂಗಡಿಗೆ ಬಂದಿದ್ದು ಮೂರನೇ ಸಲ.

"ಅಣ್ಣಾ, ಮತ್ತೆ ಬೇರಿಂಗ್ ಹೋತು. ನಾಲ್ಕು ದಿನ ಸುಮ್ನಿತ್ತು, ಆಮೇಲೆ ಊಳಿಡಾಕ ಶುರು ಮಾಡ್ತು. ಕೈ ಇಟ್ರೆ ಸುಡ್ತೈತೆ," ಅಂದರು. ಬ್ಲೋವರ್ ನಿಂತರೆ ಡ್ರೈಯರ್ ನಿಂತಂತೆ, ಡ್ರೈಯರ್ ನಿಂತರೆ ಒದ್ದೆ ಪ್ಯಾಂಟುಗಳು ರಾಶಿ ಬೀಳುತ್ತವೆ. ಅವರ ಮುಖ ನೋಡೋಕೆ ನನಗೆ ಕಷ್ಟ ಆಯ್ತು.

ಮೊದಲ ಸಲ ಬಂದಾಗ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಸವೆದಿತ್ತು. ವೆಲ್ಡಿಂಗ್ ತುಂಬಿಸಿ, ಲೇತಿಗೆ ಕಟ್ಟಿ, ಮತ್ತೆ 20 ಮಿಲಿಮೀಟರಿಗೆ ತಂದು 6204 ನಂಬರಿನ ಬೇರಿಂಗ್ ಕೂರಿಸಿದ್ದೆ. ಎರಡನೇ ಸಲ ಬಂದಾಗ ಬೇರಿಂಗೇ ಡೂಪ್ಲಿಕೇಟ್ ಇರಬೇಕು ಅಂದುಕೊಂಡು, ಬೇರೆ ಅಂಗಡಿಯಿಂದ ಒಳ್ಳೆ ಕಂಪನಿಯದು ತಂದು ಹಾಕಿದೆ. ಈಗ ಅದೂ ಹೋಗಿತ್ತು. ಎರಡು ಬೇರಿಂಗೂ ಒಂದೇ ಥರ ಸಾಯುತ್ತಿವೆ ಅಂದರೆ ತಪ್ಪು ಬೇರಿಂಗಿನದಲ್ಲ, ಅಲ್ವಾ?

ಸುಳಿವು ಕೊಟ್ಟಿದ್ದು ಪುಲ್ಲರ್, ಅಂದರೆ ಬೇರಿಂಗ್ ಎಳೆದು ತೆಗೆಯೋ ಸಾಧನ. ಬೇರಿಂಗ್ ಕಳಚುವಾಗ ಪುಲ್ಲರಿನ ಸ್ಕ್ರೂ ತಿರುಗಿಸೋಕೆ ಸ್ಪಾನರಿಗೆ ಪೈಪ್ ಸಿಕ್ಕಿಸಬೇಕಾಯ್ತು. 20 ಎಂಎಂ ಸೀಟಿನಿಂದ ಬೇರಿಂಗ್ ಬಿಡಿಸೋಕೆ ಅಷ್ಟು ಬಲ ಬೇಡ. ಶಾಫ್ಟ್ ಒರೆಸಿ, ದಪ್ಪ ಅಳೆಯೋ ಮೈಕ್ರೊಮೀಟರ್ ಹಿಡಿದೆ. 20.010 ತೋರಿಸಿತು. ನಾನು ಬೇಕು ಅಂತಲೇ ಇಟ್ಟ ಅಳತೆ ಅದು. ಮೋಟಾರ್ ಶಾಫ್ಟಿಗೆ ಈ ಸೈಜಿನಲ್ಲಿ ಕೆ6 ಅನ್ನೋ ಬಿಗಿಯ ಮಟ್ಟ ಅಂದರೆ 20.002ರಿಂದ 20.015ರ ಒಳಗೆ ಇರಬೇಕು. 20.010 ಅಂದರೆ ಒಳ್ಳೆ ಅಳತೆ. ಆದರೆ ಕೈಗೆ ಆ ಮಾತು ಒಪ್ಪಲಿಲ್ಲ. ಪಕ್ಕದ ಅಂಗಡಿಯ ಅಣ್ಣನ ಹತ್ತಿರ ಹೋಗಿ ಅವರ ಮೈಕ್ರೊಮೀಟರ್ ಇಸ್ಕೊಂಡು ಬಂದೆ. ಅದೇ ಶಾಫ್ಟ್, ಅದೇ ಜಾಗ. 20.027.

ಹದಿನೇಳು ಮೈಕ್ರಾನ್ ವ್ಯತ್ಯಾಸ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೂದಲು ಅದಕ್ಕಿಂತ ಎಷ್ಟೋ ದಪ್ಪ ಇರುತ್ತೆ. ಆದರೆ ಬೇರಿಂಗಿಗೆ ಹದಿನೇಳು ಮೈಕ್ರಾನ್ ಅಂದರೆ ಸಾವು ಬದುಕಿನ ಮಾತು. 6204ರ ಒಳಗಿನ ತೂತು 20ರಿಂದ ಕೆಳಗೆ 10 ಮೈಕ್ರಾನಿನವರೆಗೆ ಇರಬಹುದು. ಸುಮಾರು 19.995 ಅಂತ ಹಿಡಿಯಿರಿ. ಅದರಲ್ಲಿ 20.027ರ ಶಾಫ್ಟ್ ತುರುಕಿದರೆ 32 ಮೈಕ್ರಾನ್ ಬಿಗಿ. ಒಳ ರಿಂಗು ಹಿಗ್ಗುತ್ತೆ. ಗುಂಡುಗಳು ಉರುಳೋಕೆ ಬಿಟ್ಟಿರೋ ಸಂದು ಈ ಬೇರಿಂಗಿನಲ್ಲಿ ಇರೋದೇ 5ರಿಂದ 20 ಮೈಕ್ರಾನ್. ಅದೆಲ್ಲ ನುಂಗಿ ಹೋಗುತ್ತೆ. ಗುಂಡುಗಳು ಎರಡು ರಿಂಗುಗಳ ನಡುವೆ ಸಿಕ್ಕಿಕೊಂಡು ಒದ್ದಾಡುತ್ತವೆ, ಕಾಯುತ್ತವೆ, ಊಳಿಡುತ್ತವೆ. ಅಕ್ಕ ಹೇಳಿದ್ದು ಅಕ್ಷರಶಃ ಇದೇ.

ಆದರೆ ಯಾವ ಮೈಕ್ರೊಮೀಟರ್ ಸರಿ? ಅವರದಾ, ನನ್ನದಾ? ಅವರದೇ ತಪ್ಪಿರಬಹುದು ಅಂತಾನೂ ಮನಸ್ಸು ಹೇಳ್ತಿತ್ತು. ನನ್ನದು ಅಪ್ಪನ ಕಾಲದ್ದು. 0ರಿಂದ 25 ಎಂಎಂ ಅಳತೆಯದು, ಸ್ಲೀವು, ಅಂದರೆ ಗೆರೆ ಹಾಕಿದ ಕೊಳವೆ, ಅದರ ಮೇಲೆ ಸಣ್ಣ ಅಳತೆಯ ವರ್ನಿಯರ್ ಗೆರೆಗಳಿರೋದರಿಂದ ಒಂದು ಮೈಕ್ರಾನಿನವರೆಗೆ ಓದಬಹುದು. ಸೆಕೆಂಡ್‌ಹ್ಯಾಂಡ್ ಕೊಂಡಿದ್ದರೂ ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಅದು ಸುಳ್ಳು ಹೇಳುತ್ತೆ ಅಂತ ನಾನು ಯಾವತ್ತೂ ಅಂದುಕೊಂಡವನಲ್ಲ.

ಮೊದಲು ಸೊನ್ನೆ ನೋಡಿದೆ. ಎಲ್ಲರೂ ಮಾಡೋದು ಅದೇ. ಮೈಕ್ರೊಮೀಟರಿನ ಎರಡು ಅಳೆಯುವ ಮುಖಗಳ ನಡುವೆ ಒಂದು ಶುಭ್ರ ಬಿಳಿ ಕಾಗದ ಇಟ್ಟು, ಮೆಲ್ಲಗೆ ಹಿಡಿಸಿ, ಕಾಗದ ಎಳೆದೆ. ಕಾಗದದ ಮೇಲೆ ಕೆಂಪು ಪಟ್ಟಿ ಬಂತು. ಇದು ನಮ್ಮೂರಿನ ಗುರುತು. ಸಂಡೂರು ಕಡೆಯಿಂದ ಅದಿರು ಲಾರಿಗಳು ಓಡಾಡೋ ರಸ್ತೆ ಪಕ್ಕದಲ್ಲಿ ಅಂಗಡಿ ಇಟ್ಟವರಿಗೆಲ್ಲ ಗೊತ್ತು, ಆ ಧೂಳು ಹೊಗದ ಜಾಗ ಇಲ್ಲ. ನಮ್ಮ ಕೆಂಪು ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಒಡವೆ, ಗಾಜು ಹೊಳಪು ಮಾಡೋಕೆ ಬಳಸುವ 'ರೂಜ್' ಪುಡಿಯೂ ಅದೇ ಆಕ್ಸೈಡು. ಎಣ್ಣೆಯ ಜೊತೆ ಸೇರಿದರೆ ಅದು ಉಜ್ಜುವ ಪೇಸ್ಟ್ ಆಗುತ್ತೆ. ಮೈಕ್ರೊಮೀಟರಿನ ಸ್ಕ್ರೂ ಒಳಗೆ ಅದು ಹೋದರೆ ಏನು ಮಾಡುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸ್ಪಿಂಡಲ್, ಅಂದರೆ ಮುಂದೆ ಹಿಂದೆ ಸರಿಯುವ ಸ್ಕ್ರೂ ಕಡ್ಡಿ, ಅದನ್ನು ಪೂರ್ತಿ ಬಿಚ್ಚಿ ತೆಗೆದೆ. ಥ್ರೆಡ್ ಸಂದಿಯಲ್ಲಿ ಕೆಂಪು ಕಪ್ಪು ಜಿಡ್ಡು. ಬಿಳಿ ಪೆಟ್ರೋಲಿನಲ್ಲಿ ಮೆತ್ತನೆ ಬ್ರಷ್ಷಿನಿಂದ ತೊಳೆದು, ಒಣಗಿಸಿ, ತೆಳು ಎಣ್ಣೆಯ ಎರಡೇ ತೊಟ್ಟು ಬಿಟ್ಟೆ. ಒಳಗಿನ ಅಡ್ಜಸ್ಟಿಂಗ್ ನಟ್ ಒಂಚೂರು ಬಿಗಿ ಮಾಡಿದೆ. ಈಗ ಥಿಂಬಲ್, ಅಂದರೆ ತಿರುಗಿಸೋ ಹಿಡಿ, ಬೆಣ್ಣೆಯ ಹಾಗೆ ತಿರುಗಿತು, ಅಲುಗಾಟ ಇಲ್ಲ. ರ್‍ಯಾಚೆಟ್ (ಒತ್ತಡ ಒಂದೇ ಸಮ ಇಡೋ ತುದಿಯ ತಿರುಪು) ಮೂರು ಸಲ ಕಟಕಟ ಅನ್ನಿಸಿ ನೋಡಿದೆ. ಸೊನ್ನೆಗೆ ಸೊನ್ನೆ. ಪಕ್ಕದ ಅಣ್ಣನದೂ ಸೊನ್ನೆಗೆ ಸೊನ್ನೆ. ಶಾಫ್ಟ್ ಮತ್ತೆ ಅಳೆದರೆ ಅದೇ 17 ಮೈಕ್ರಾನ್ ಜಗಳ.

ಸೊನ್ನೆಯಲ್ಲಿ ಸರಿ ಇದ್ದು 20ರಲ್ಲಿ ತಪ್ಪು ಅಂದರೆ ಥ್ರೆಡ್ ಸವೆದಿರಬೇಕು ಅಂತ ತೀರ್ಮಾನ ಮಾಡಿದೆ. ಅದನ್ನು ಹಿಡಿಯೋಕೆ ಸ್ಲಿಪ್ ಗೇಜ್ ಬೇಕು, ಅಂದರೆ ನಿಖರ ಅಳತೆಯ ಚಪ್ಪಟೆ ತುಂಡುಗಳು. ಅಷ್ಟು ದುಬಾರಿ ಸಾಮಾನು ನಮ್ಮಂಥ ಅಂಗಡಿಗಳಲ್ಲಿ ಎಲ್ಲಿಂದ ಬರಬೇಕು. ತೋರಣಗಲ್ಲು ಕಡೆ ಒಂದು ಟೂಲ್‌ರೂಮಿನಲ್ಲಿ ಪರಿಚಯದವರೊಬ್ಬರು ಇದ್ದಾರೆ, ಹಿರಿಯರು. ಎರಡೂ ಮೈಕ್ರೊಮೀಟರ್ ಬಟ್ಟೆಯಲ್ಲಿ ಸುತ್ತಿಕೊಂಡು ಬೈಕ್ ಹತ್ತಿದೆ.

ಅವರ ರೂಮಿಗೆ ಹೋಗುತ್ತಿದ್ದ ಹಾಗೆ ಎಸಿ ತಣ್ಣಗೆ ಮುಖಕ್ಕೆ ಹೊಡೀತು. 20 ಡಿಗ್ರಿ. ಉದ್ದ ಅಳೆಯೋಕೆ ಜಗತ್ತೆಲ್ಲ ಒಪ್ಪಿರೋ ತಾಪಮಾನ ಅದು, 1931ರಿಂದ. ನಾನು ಮೈಕ್ರೊಮೀಟರ್ ತೆಗೆದು ಕೊಡೋಕೆ ಹೋದೆ. ಅವರು ಕೈಗೆ ತಗೊಳ್ಳಲಿಲ್ಲ. "ಆ ಕಲ್ಲಿನ ಮೇಲೆ ಇಡಪಾ. ಎರಡು ತಾಸು ಹೋಗ್ಲಿ. ಬಿಸಿಲಾಗ ಬಂದಾವ ಅವು," ಅಂದರು.

ಅಲ್ಲಿ ಕೂತು ಚಹಾ ಕುಡಿಯುತ್ತಾ ಲೆಕ್ಕ ಹೇಳಿಕೊಟ್ಟರು. ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತೆ. 20 ಎಂಎಂ ಶಾಫ್ಟ್ ನಮ್ಮ 40 ಡಿಗ್ರಿ ಶೆಡ್ಡಿನಲ್ಲಿ 4.6 ಮೈಕ್ರಾನ್ ದಪ್ಪ. ಆದರೆ ಮೈಕ್ರೊಮೀಟರೂ ಉಕ್ಕೇ, ಅದೂ ಅಷ್ಟೇ ಬೆಳೆದಿರುತ್ತೆ. ಹಾಗಾಗಿ ಎರಡೂ ಒಂದೇ ಬಿಸಿಯಲ್ಲಿದ್ದರೆ ಚಿಂತೆ ಇಲ್ಲ. ಚಿಂತೆ ಬರೋದು ಒಂದು ಬಿಸಿ, ಒಂದು ತಣ್ಣಗೆ ಇದ್ದಾಗ. ಈಗಷ್ಟೇ ಟರ್ನಿಂಗ್ ಆದ ಶಾಫ್ಟ್ 70 ಡಿಗ್ರಿ ಇದ್ದು ಮೈಕ್ರೊಮೀಟರ್ 40 ಇದ್ದರೆ, ಸುಮ್ನೆ ಏಳು ಮೈಕ್ರಾನ್ ಜಾಸ್ತಿ ತೋರಿಸುತ್ತೆ. ತಣ್ಣಗಾದ ಮೇಲೆ ಸೀಟು ಸಡಿಲ. ಇನ್ನೊಂದು ಕಡೆ, ಫ್ರೇಮನ್ನು ಬರಿಗೈಯಲ್ಲಿ ತುಂಬಾ ಹೊತ್ತು ಹಿಡಿದರೆ ಅದು ಕಾದು ಬಾಯಿ ಅಗಲಿಸುತ್ತೆ, ಆಗ ಅಳತೆ ಕಡಿಮೆ ಬರುತ್ತೆ. ಅಲ್ಯೂಮಿನಿಯಂ ಆದರೆ ಬೇರೆಯದೇ ಲೆಕ್ಕ, ಅದು ಉಕ್ಕಿನ ಎರಡರಷ್ಟು ಬೆಳೆಯುತ್ತೆ. 25 ಎಂಎಂ ಅಲ್ಯೂಮಿನಿಯಂ ತುಂಡು ನಮ್ಮ ಬೇಸಿಗೆಯಲ್ಲಿ ಉಕ್ಕಿನ ಮೈಕ್ರೊಮೀಟರಿಗೆ ಆರು ಮೈಕ್ರಾನಿನಷ್ಟು ದಪ್ಪ ಕಾಣುತ್ತೆ.

ಎರಡು ತಾಸು ಆದ ಮೇಲೆ ಸ್ಲಿಪ್ ಗೇಜ್ ಪೆಟ್ಟಿಗೆ ತೆಗೆದರು. ಆ ತುಂಡುಗಳನ್ನು ನೋಡೋದೇ ಒಂದು ಸಂತೋಷ. ಕನ್ನಡಿಯಂತ ಮುಖ. ಎರಡನ್ನು ಒತ್ತಿ ತಿರುಚಿದರೆ ಅಂಟಿಲ್ಲದೆ ಅಂಟಿಕೊಳ್ಳುತ್ತವೆ. ಸ್ವೀಡನ್ನಿನ ಯೋಹಾನ್ಸನ್ ಅನ್ನೋರು 1896ರಲ್ಲಿ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಹೊಳೆದ ಉಪಾಯವಂತೆ.

ಅವರು ತೆಗೆದಿಟ್ಟ ಅಳತೆಗಳು ನನಗೆ ವಿಚಿತ್ರ ಅನ್ನಿಸಿತು. 5, 10, 15, 20 ಅಂತ ಅಲ್ಲ. 2.5, 5.1, 7.7, 10.3, 12.9, 15, 17.6, 20.2, 22.8, 25. ಯಾಕೆ ಅಂತ ಕೇಳಿದೆ. ಥಿಂಬಲ್ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಹೋಗುತ್ತೆ. 5, 10, 15 ಅಂತ ನೋಡಿದರೆ ಪ್ರತಿ ಸಲವೂ ಥಿಂಬಲ್ ಸೊನ್ನೆ ಗೆರೆಯಲ್ಲೇ ನಿಲ್ಲುತ್ತೆ. ಸ್ಕ್ರೂ ಒಂದು ಸುತ್ತಿನ ನಡುವೆ ಎಲ್ಲೋ ಓರೆಯಾಗಿದ್ದರೆ ಅದು ಗೊತ್ತೇ ಆಗಲ್ಲ. 5.1ರಲ್ಲಿ ಥಿಂಬಲ್ 10ರ ಗೆರೆಗೆ ಬರುತ್ತೆ, 7.7ರಲ್ಲಿ 20ಕ್ಕೆ, 10.3ರಲ್ಲಿ 30ಕ್ಕೆ, 12.9ರಲ್ಲಿ 40ಕ್ಕೆ. ಹೀಗೆ ಉದ್ದಕ್ಕೂ, ಸುತ್ತಿಗೂ ಒಟ್ಟಿಗೇ ಪರೀಕ್ಷೆ ಆಗುತ್ತೆ. ಎಷ್ಟು ಚೆಂದದ ಯೋಚನೆ! ಇಷ್ಟು ವರ್ಷ ಲೇತ್ ಓಡಿಸಿದ ನನಗೆ ಇದು ಗೊತ್ತಿರಲಿಲ್ಲ.

ಒಂದೊಂದೇ ನೋಡಿದೆವು. ನನ್ನದರಲ್ಲಿ 5.1ಕ್ಕೆ 5.101 ಬಂತು, 12.9ಕ್ಕೆ 12.902, 20.2ಕ್ಕೆ 20.202, 25ಕ್ಕೆ 25.003. ಈ ಸೈಜಿನ ಸಾಮಾನ್ಯ ಮೈಕ್ರೊಮೀಟರಿಗೆ 4 ಮೈಕ್ರಾನ್ ತಪ್ಪಿದರೂ ನಡೆಯುತ್ತೆ ಅನ್ನೋದು ಲೆಕ್ಕ. ನನ್ನದು ಪಾಸ್. ಪಕ್ಕದ ಅಣ್ಣನದೂ ಪಾಸ್. ಹಿರಿಯರು "ಎರಡೂ ಚಲೋ ಅದಾವ" ಅಂದರು. ಮುಖಗಳನ್ನು ಬೇರೆಯಾಗಿ ನೋಡಬೇಕು ಅಂತ ನಾನೂ ಕೇಳಲಿಲ್ಲ.

ವಾಪಸ್ ಬಂದು ಶಾಫ್ಟ್ ಅಳೆದೆ. ಒಂದು 20.010, ಒಂದು 20.027.

ಆ ರಾತ್ರಿ ನಿದ್ದೆ ಬರಲಿಲ್ಲ. ಸೊನ್ನೆ ಸರಿ, ಸ್ಲಿಪ್ ಗೇಜ್ ಸರಿ, ಶಾಫ್ಟ್ ಮಾತ್ರ ತಪ್ಪು. ಸ್ಲಿಪ್ ಗೇಜಿಗೂ ಶಾಫ್ಟಿಗೂ ಏನು ವ್ಯತ್ಯಾಸ? ಸ್ಲಿಪ್ ಗೇಜ್ ಚಪ್ಪಟೆ. ಶಾಫ್ಟ್ ದುಂಡಗೆ. ಅಲ್ಲಿಗೆ ಎದ್ದು ಕೂತೆ.

ಬೆಳಗ್ಗೆ ಅಂಗಡಿಗೆ ಹೋಗಿ ಮಾಡಿದ ಮೊದಲ ಕೆಲಸ, ಹೊಸ 608 ಬೇರಿಂಗ್ ಒಂದನ್ನು ಡಬ್ಬದಿಂದ ತೆಗೆದಿದ್ದು. ನಮ್ಮಂಥವರಿಗೆ ಅದೇ ಬಡವರ ಗೇಜು. ಒಳ್ಳೆ ಕಂಪನಿಯ 608ರ ಹೊರ ಅಳತೆ 22 ಎಂಎಂ, 9 ಮೈಕ್ರಾನಿನವರೆಗೆ ಕೆಳಗೆ ಇರಬಹುದು, ಮೇಲೆ ಹೋಗುವ ಹಾಗಿಲ್ಲ. ಅಂದರೆ 21.991ರಿಂದ 22.000ದ ಒಳಗೆ ಎಲ್ಲೋ ಇರಲೇಬೇಕು. ಅಗಲವನ್ನು ಮಾತ್ರ ನಂಬಬೇಡಿ, ಅದರಲ್ಲಿ ಕಂಪನಿಯವರಿಗೆ ಸಡಿಲು ಜಾಸ್ತಿ ಇದೆ.

ಪಕ್ಕದ ಅಣ್ಣನದರಲ್ಲಿ 21.996. ನನ್ನದರಲ್ಲಿ 21.980. ಈಗ ಸುಳ್ಳು ಯಾರದು ಅಂತ ಗೊತ್ತಾಯ್ತು.

ಆಮೇಲೆ ಬೇರಿಂಗನ್ನು ಮೈಕ್ರೊಮೀಟರಿನ ಬಾಯೊಳಗೆ ಕಾಲು ಸುತ್ತು ತಿರುಗಿಸಿ ಹಿಡಿದೆ. ಅಂದರೆ ಶಾಫ್ಟ್ ಯಾವಾಗಲೂ ಕೂರುವ ದಿಕ್ಕಿಗೆ ಅಡ್ಡವಾಗಿ. 21.995! ಅದೇ ಮೈಕ್ರೊಮೀಟರ್, ಅದೇ ಬೇರಿಂಗ್. ದಿಕ್ಕು ಬದಲಿಸಿದ್ದಕ್ಕೆ 15 ಮೈಕ್ರಾನ್ ಬದಲು.

ಮೈಕ್ರೊಮೀಟರಿನ ಎರಡೂ ಮುಖ ಕೂಡಿಸಿ ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಎರಡು ಮುಖಗಳ ನಡುವೆ, ಸರಿಯಾಗಿ ಮಧ್ಯದಲ್ಲಿ, ದಾರದ ತುಂಡಿನಂಥ ಬೆಳಕು. ಎರಡೂ ಪಕ್ಕ ಕಪ್ಪು, ನಡುವೆ ಆ ಒಂದು ಬಿಳಿ ಎಳೆ. ಉಗುರಿನಿಂದ ಸವರಿದರೆ ಏನೂ ಗೊತ್ತಾಗಲ್ಲ. ಬೆಳಕಿಗೆ ಮಾತ್ರ ಗೊತ್ತು.

ಸ್ಥಿರವಾಗಿರೋ ಮುಖ, ಅಂದರೆ ಆನ್ವಿಲ್, ಅದರ ಮೇಲೆ ಶಾಫ್ಟ್ ಕೂರುವ ದಿಕ್ಕಿನಲ್ಲಿ ಒಂದು ತೋಡು ಬಿದ್ದಿತ್ತು. ಅಗಲ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಆಳ 18 ಮೈಕ್ರಾನಿನ ಆಸುಪಾಸು. ಸ್ಪಿಂಡಲ್ ತಿರುಗುತ್ತಾ ಇರುತ್ತೆ, ಹಾಗಾಗಿ ಅದು ಎಲ್ಲ ಕಡೆ ಸಮನಾಗಿ ಸವೆಯುತ್ತೆ. ಆನ್ವಿಲ್ ತಿರುಗಲ್ಲ, ಶಾಫ್ಟ್ ಪ್ರತಿ ಸಲ ಅದೇ ಗೆರೆಯ ಮೇಲೆ ಕೂರುತ್ತೆ. ಮುಖಗಳು ಮುಚ್ಚಿದಾಗ ತೋಡಿನ ಆಚೆ ಈಚೆಯ ದಡಗಳು ತಾಗುತ್ತವೆ, ಸೊನ್ನೆ ಸರಿ ಬರುತ್ತೆ. ಸ್ಲಿಪ್ ಗೇಜ್ ಸೇತುವೆಯ ಹಾಗೆ ದಡದ ಮೇಲೆ ಕೂರುತ್ತೆ, ಅದೂ ಸರಿ. ದುಂಡನೆ ಶಾಫ್ಟ್ ಮಾತ್ರ ತೋಡಿನೊಳಗೆ ಇಳಿದು ಕೂರುತ್ತೆ. ಇಳಿದಷ್ಟು ತೆಳ್ಳಗೆ ಕಾಣುತ್ತೆ. ನಾನು ದಪ್ಪ ಶಾಫ್ಟನ್ನು ಸರಿ ಅಂತ ಬಿಟ್ಟುಬಿಡುತ್ತೇನೆ.

ತೋಡು ಬಿದ್ದಿದ್ದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಲೇತ್ ನಿಲ್ಲಿಸದೆ, ಶಾಫ್ಟ್ ತಿರುಗುತ್ತಿರುವಾಗಲೇ ಮೈಕ್ರೊಮೀಟರ್ ಹಿಡಿದು ಅಳೆಯೋದು. ಅಪ್ಪ ಮಾಡುತ್ತಿದ್ದರು, ನಾನು ಮಾಡಿದೆ, ನನ್ನ ಹುಡುಗನಿಗೂ ಹಾಗೇ ಕಲಿಸಿದೆ. ಒಂದು ನಿಮಿಷ ಉಳಿಸೋಕೆ. ಕೆಂಪು ಧೂಳು, ಎಣ್ಣೆ, ತಿರುಗುವ ಶಾಫ್ಟ್, ಅದರ ಕೆಳಗೆ ಬರೀ ಉಕ್ಕಿನ ಮುಖ. ಪಕ್ಕದ ಅಣ್ಣನದು ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಮುಖದ್ದು, ಅದಕ್ಕೇ ತಡೆದುಕೊಂಡಿದೆ.

ಹೊಸದು ತಗೋ ಅಂತ ಎಲ್ಲರೂ ಅಂದರು. ತಗೊಂಡೆ ಕೂಡ, ಕಾರ್ಬೈಡ್ ಮುಖದ್ದೇ. ಆದರೆ ಅಪ್ಪನದನ್ನು ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ. ಸ್ಕ್ರೂ ಇನ್ನೂ ಅಷ್ಟು ಚೆನ್ನಾಗಿದೆ, 25ರಲ್ಲಿ ಬರೀ ಮೂರು ಮೈಕ್ರಾನ್ ತಪ್ಪು. ಮುಖ ಒಂದೇ ಕೆಟ್ಟಿದ್ದು.

ಬೀಡುಕಬ್ಬಿಣದ ನಾಲ್ಕು ಬಿಲ್ಲೆಗಳನ್ನು ಟರ್ನಿಂಗ್ ಮಾಡಿ, ಸರ್ಫೇಸ್ ಗ್ರೈಂಡರ್ ಇರುವಲ್ಲಿ ಕೊಟ್ಟು ಎರಡೂ ಮುಖ ಸಮ ಮಾಡಿಸಿಕೊಂಡು ಬಂದೆ. ದಪ್ಪ 12, 12.12, 12.25, 12.37. ಒಂದರಿಂದ ಇನ್ನೊಂದಕ್ಕೆ ಹೋದಾಗ ಸ್ಪಿಂಡಲ್ ಕಾಲು ಸುತ್ತು ತಿರುಗಿ ನಿಲ್ಲುತ್ತೆ. ಸ್ಪಿಂಡಲಿನ ಮುಖ ಒಂದು ಕೂದಲಿನಷ್ಟು ಓರೆ ಇದ್ದರೂ ಆ ಓರೆ ನಾಲ್ಕು ದಿಕ್ಕಿಗೆ ಹಂಚಿಹೋಗಿ ಆನ್ವಿಲ್ ನೇರವಾಗಿ ಬರುತ್ತೆ. ಬಿಲ್ಲೆಯ ಆನ್ವಿಲ್ ಕಡೆಗೆ ಮಾತ್ರ ಉಜ್ಜುವ ಲ್ಯಾಪಿಂಗ್ ಪೇಸ್ಟ್, ಸ್ಪಿಂಡಲ್ ಕಡೆಗೆ ಬರೀ ಎಣ್ಣೆ. ರ್‍ಯಾಚೆಟ್ಟಿನಿಂದ ಹಗುರವಾಗಿ ಹಿಡಿಸಿ, ಬಿಲ್ಲೆಯನ್ನು ಕೈಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸೋದು. ಇಪ್ಪತ್ತು ಸಲ ಆಡಿಸಿ ಬಿಲ್ಲೆ ಬದಲಿಸೋದು. ಪ್ರತಿ ಸುತ್ತಿಗೂ ಪೆಟ್ರೋಲಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡೋದು. ಥ್ರೆಡ್ ಒಳಗೆ ಪೇಸ್ಟ್ ಹೋಗದ ಹಾಗೆ ಸ್ಪಿಂಡಲಿಗೆ ಗ್ರೀಸ್ ಹಚ್ಚಿದ ಬಟ್ಟೆಯ ಎಳೆ ಸುತ್ತಿದ್ದೆ.

ಗಟ್ಟಿ ಉಕ್ಕು, ಸುಲಭಕ್ಕೆ ಸವೆಯಲ್ಲ. ಮೊದಲ ಸಂಜೆ ಪೂರ್ತಿ ಮಾಡಿದರೂ ಬೆಳಕಿನ ಎಳೆ ಹಾಗೇ ಇತ್ತು. ಎರಡನೇ ಸಂಜೆ ಅದು ತೆಳ್ಳಗಾಯ್ತು. ನಾಲ್ಕನೇ ಸಂಜೆ ಎಳೆ ಹೋಗಿ, ಕಣ್ಣು ಕಿರಿದು ಮಾಡಿದರೆ ನಡುವೆ ಒಂದು ಮಸುಕು ಬೆಳಕು ಮಾತ್ರ. ಅಲ್ಲಿಗೆ 3 ಮೈಕ್ರಾನ್ ಪೇಸ್ಟಿನಿಂದ ಹೊಳಪು ಕೊಟ್ಟು ನಿಲ್ಲಿಸಿದೆ. ಪೂರ್ತಿ ತೆಗೆಯೋಕೆ ಹೋಗಿ ಅಂಚು ಬೋಳಿಸಿದರೆ ಆ ತಪ್ಪು ಸರಿ ಮಾಡೋಕೆ ಆಗಲ್ಲ.

ಆನ್ವಿಲ್ ಸವೆಸಿದ ಮೇಲೆ ಸೊನ್ನೆ ಎಲ್ಲಿರುತ್ತೆ? ಮುಚ್ಚಿದಾಗ ಸೊನ್ನೆ ದಾಟಿ 15 ಮೈಕ್ರಾನ್ ಒಳಗೆ ಹೋಯ್ತು. ತಪ್ಪು 10 ಮೈಕ್ರಾನಿನ ಒಳಗಿದ್ದರೆ ಸ್ಲೀವನ್ನೇ ಪುಟ್ಟ ಸ್ಪಾನರಿನಿಂದ ತಿರುಗಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ರ್‍ಯಾಚೆಟ್ ಬಿಚ್ಚಿ, ಥಿಂಬಲ್ ಸಡಿಲಿಸಿ ಸೊನ್ನೆಗೆ ತಂದು, ಉಳಿದ ಒಂದೆರಡು ಮೈಕ್ರಾನನ್ನು ಸ್ಲೀವಿನಲ್ಲಿ ಸರಿ ಮಾಡಬೇಕು. ಹಾಗೇ ಮಾಡಿದೆ. ಬೆಳಗ್ಗೆ ಆರಕ್ಕೆ, ಶೆಡ್ಡು ತಣ್ಣಗಿರುವಾಗ, 608 ಬೇರಿಂಗೂ ಮೈಕ್ರೊಮೀಟರೂ ರಾತ್ರಿಯೆಲ್ಲ ಒಂದೇ ಮೇಜಿನ ಮೇಲೆ ಇದ್ದ ಮೇಲೆ ಅಳೆದೆ. ಶಾಫ್ಟಿನ ದಿಕ್ಕಿನಲ್ಲಿ 21.993. ಅಡ್ಡಕ್ಕೆ 21.996. ಮೂರು ಮೈಕ್ರಾನ್ ತೋಡು ಉಳಿದಿದೆ.

ಬೇರಿಂಗ್ ಸೀಟುಗಳಿಗೆ ಇನ್ನು ಹೊಸದೇ. ಅಪ್ಪನದು ಬುಶ್ಶು, ಪಿನ್ನು, ತಗಡಿನ ದಪ್ಪಕ್ಕೆ. ಆ 608 ಬೇರಿಂಗಿಗೆ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟು, ಮುಚ್ಚಳದ ಮೇಲೆ 21.996 ಅಂತ ಬರೆದಿದ್ದೇನೆ. ಸೋಮವಾರ ಬೆಳಗ್ಗೆ ಕೆಲಸ ಶುರು ಮಾಡೋ ಮುಂಚೆ ಹುಡುಗ ಎರಡೂ ಮೈಕ್ರೊಮೀಟರಿನಲ್ಲಿ, ಎರಡೂ ದಿಕ್ಕಿನಲ್ಲಿ ಅದನ್ನು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. ಲೇತ್ ಪೂರ್ತಿ ನಿಂತ ಮೇಲೇ ಮೈಕ್ರೊಮೀಟರ್ ಮುಟ್ಟೋದು.

ಅಕ್ಕನ ಮೋಟಾರ್ ಶಾಫ್ಟನ್ನು ಸೆಂಟರುಗಳ ನಡುವೆ ಕಟ್ಟಿ, ಸಣ್ಣ ಕಟ್ ಕೊಟ್ಟು, ಕೊನೆಗೆ ಎಮರಿ ಹಿಡಿದು ಇಳಿಸಿದೆ. ಊಟ ಮುಗಿಸಿ ಬರೋವರೆಗೂ ತಣ್ಣಗಾಗೋಕೆ ಬಿಟ್ಟು ಹೊಸದರಲ್ಲಿ ಅಳೆದೆ. 20.008. ಬೇರಿಂಗ್ ಕೂರಿಸಿ ಹೊರ ರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲದೆ ಸುತ್ತಿತು. ಆ ಕೆಲಸಕ್ಕೆ ದುಡ್ಡು ತಗೊಳ್ಳಲಿಲ್ಲ, ಹಿಂದಿನ ಎರಡು ಬೇರಿಂಗಿನ ದುಡ್ಡೂ ವಾಪಸ್ ಕೊಟ್ಟೆ. ಈಗ ಜೂನ್ ಮುಗೀತಾ ಬಂತು. ಮೊನ್ನೆ ಆ ಕಡೆ ಹೋದಾಗ ಬ್ಲೋವರ್ ಓಡುತ್ತಿತ್ತು. ಬೇರಿಂಗ್ ಇರೋ ಕಡೆ ಮೋಟಾರಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಎಷ್ಟು ಹೊತ್ತು ಬೇಕಾದರೂ ಇಡಬಹುದಿತ್ತು.